ಗ್ವಾದಲಿ ನೋಡದೆ ಕಾರು ಮಾರದ ಮಾಮಾ

ಕಾರಿನ ಷೋರೂಮಿನಲ್ಲಿ ಕೆಲಸಕ್ಕಿದ್ದು ಎರಡು ವರ್ಷದಲ್ಲಿ ಒಂದೂ ಕಾರು ಮಾರದವರು ಬೇಕಾದಷ್ಟು ಜನ ಸಿಕ್ಕಾರು. ಆದರೆ ಕೊಳ್ಳಲು ಬಂದವರಿಗೆ ಚಹಾ ಕುಡಿಸಿ, ಬುದ್ಧಿ ಹೇಳಿ, ಬರಿಗೈಲಿ ಮನೆಗೆ ಕಳಿಸಿ, ಸಂಜೆ 'ಇವತ್ತ ಭಾಳ ಛಲೋ ಕೆಲಸ ಆತು' ಎಂದು ಟೊಪ್ಪಿಗೆ ಝಾಡಿಸಿಕೊಂಡು ಹೊರಡುತ್ತಿದ್ದವರು ಇಡೀ ವಿಜಯಪುರದಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ ಎಂಬುದು ನನ್ನ ಹಣೆಬರಹ! ಅವರನ್ನು ಕೆಲಸಕ್ಕೆ ಸೇರಿಸಿದವನೂ ನಾನೇ ಎಂಬುದು ನನ್ನ ಬುದ್ಧಿಗೇಡಿತನ.

ಮಾಮಾ ಮೊದಲು ಎತ್ತಿನ ದಲ್ಲಾಳಿ. ಮೂವತ್ತು ವರ್ಷ ದನದ ಸಂತೆಗಳಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದವರು. ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದವು, ಮಾಮಾನ ಕೆಲಸವೂ ಕಡಿಮೆಯಾಯಿತು. ಅದೇ ಹೊತ್ತಿಗೆ ನಾನು ಸೇಲ್ಸ್‌ಮನ್ ಆಗಿದ್ದ ಷೋರೂಮಿಗೆ ಭಾರಿ ಬೆಲೆಯ ಕಾರೊಂದು ಬಂತು. ಪೆಟ್ರೋಲಿಗೂ ಓಡುತ್ತದೆ, ಮನೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜ್ ಮಾಡಿದರೆ ಕರೆಂಟಿಗೂ ಓಡುತ್ತದೆ. ಪ್ಲಗ್-ಇನ್ ಹೈಬ್ರಿಡ್ ಅಂತೆ. ತಿಕೋಟಾ, ಬಬಲೇಶ್ವರ ಕಡೆಯ ಸಾಹುಕಾರರ ಅಂಗಳಗಳೆಲ್ಲ ಮಾಮಾನಿಗೆ ಗೊತ್ತು. 'ಇಂಥವರ ಬೇಕ್ರಿ ನಮಗ' ಎಂದು ಮಾಲೀಕರಿಗೆ ನಾನೇ ಹೇಳಿದೆ. ನಾಲಿಗೆಗೆ ಎಲುಬಿಲ್ಲ ನೋಡಿ!

ಆ ಕಾರಿನದೂ ಒಂದು ಗೋಳು. ಡೀಸೆಲ್ ಗಾಡಿ ಬೇಕೆನ್ನುವವರಿಗೆ ಅದು ಬೇಡ. ಪೂರ್ತಿ ಕರೆಂಟಿನದೇ ಬೇಕೆನ್ನುವವರಿಗೂ ಬೇಡ. ಬೆಂಗಳೂರಿನಿಂದ ಬಂದ ಕಂಪನಿಯ ಸಾಹೇಬರು ಪರದೆಯ ಮೇಲೆ ಚಿತ್ರ ತೋರಿಸಿ, 'ಎರಡರ ನಡುವೆ ನಮ್ಮ ಸ್ಥಾನ' ಎಂದು ಒಂದು ತಾಸು ವಿವರಿಸಿದರು. ಹಿಂದಿನ ಕುರ್ಚಿಯಿಂದ ಮಾಮಾ ಎದ್ದು ನಿಂತರು.

'ಸಾಹೇಬ್ರ, ನಡುವ ಅಂದ್ರ ಹ್ಯಾಂಗ್ರಿ? ಉಳೂ ಎತ್ತ ಬ್ಯಾರೆ, ಓಡೂ ಎತ್ತ ಬ್ಯಾರೆ. ಎರಡೂ ಮಾಡ್ತೈತಿ ಅಂತ ಮಾರಿದ್ರ ಸಂತ್ಯಾಗ ನಮ್ಮನ್ನ ಬಡೀತಾರ್ರಿ!'

ಸಾಹೇಬರು ನೀರು ಕುಡಿದರು. ನಾನು ನೆಲ ನೋಡಿದೆ.

ಮೊದಲ ಗಿರಾಕಿ ನಿಡೋಣಿ ಊರಿನ ಸಾಹುಕಾರರು. ಕಾರನ್ನು ಒಂದು ಸುತ್ತು ಓಡಿಸಿ ಬಂದು ಹುಬ್ಬು ಗಂಟಿಕ್ಕಿದರು. 'ಸಪ್ಪಳಾನ ಇಲ್ಲಲ್ಲರಿ ಇದಕ್ಕ? ಇಷ್ಟ ರೊಕ್ಕ ಕೊಟ್ಟ ತಗೊಂಡ ಹೋದ್ರ, ನಾ ಬಂದದ್ದು ಓಣಿ ಮಂದಿಗೆ ಗೊತ್ತಾಗೂದು ಹ್ಯಾಂಗ?' ಇಂಥಲ್ಲಿ ಸೇಲ್ಸ್‌ಮನ್ ಆದವನು ಏನು ಹೇಳಬೇಕು? ಸಪ್ಪಳವಿಲ್ಲದ್ದೇ ಶ್ರೀಮಂತಿಕೆ ಎಂದೋ ಏನೋ ಬಣ್ಣ ಹಚ್ಚಬೇಕು. ಮಾಮಾ ಹೇಳಿದ್ದು: 'ಖರೇ ಐತ್ರಿ ನೀವನ್ನೂದು. ಕೊಳ್ಳಾಗ ಗೆಜ್ಜಿಸರ ಕಟ್ರಿ.' ಆ ಗಿರಾಕಿ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ.

ಇನ್ನೊಬ್ಬರು ಊರಿನ ಡಾಕ್ಟರು. ಬೆಲೆ ಕೇಳಿದರು. ಮಾಮಾ ಹೆಗಲ ಟವೆಲ್ ತೆಗೆದು ಡಾಕ್ಟರ ಕೈ ಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿ ಬೆರಳು ಒತ್ತತೊಡಗಿದರು. ದರ ಮೂರನೆಯವರಿಗೆ ತಿಳಿಯಬಾರದೆಂದು ಸಂತೆಯಲ್ಲಿ ದಲ್ಲಾಳಿಗಳು ಮಾಡುವ ಪದ್ಧತಿ ಅದು. ಡಾಕ್ಟರು, ಮಾಮಾ ನಾಡಿ ನೋಡಲು ಕೈ ಕೊಟ್ಟಿದ್ದಾರೆಂದುಕೊಂಡು, 'ಬಿ.ಪಿ. ಐತೇನ್ರಿ ಯಜಮಾನ್ರ?' ಎಂದರು! ಬೆಲೆ ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಇವೆಲ್ಲ ಸಣ್ಣವು ಬಿಡಿ. ಮಾಮಾನ ದೊಡ್ಡ ರೋಗವೆಂದರೆ ಗ್ವಾದಲಿ, ಅಂದರೆ ಎತ್ತಿಗೆ ಮೇವು ಹಾಕುವ ಕಟ್ಟೆ. ಕೊಳ್ಳುವವನ ಮನೆಗೇ ಹೋಗಿ ಗ್ವಾದಲಿ ನೋಡಿ, ಮೇವು ನೀರು ಖಾತ್ರಿಯಾದ ಮೇಲೇ ಎತ್ತು ಕೊಡಿಸುವುದು ಅವರ ನೇಮ. ಕಾರಿಗೂ ಅದೇ ನೇಮ! ಗಿರಾಕಿ ಸಹಿ ಹಾಕಲು ಪೆನ್ನು ತೆಗೆದರೆ ಇವರು 'ತಡೀರಿ, ಮನಿ ನೋಡ್ಕೊಂಡ ಬರ್ತೇನಿ' ಎಂದು ಬಸ್ಸು ಹತ್ತುತ್ತಿದ್ದರು. ಕಾರು ನಿಲ್ಲಿಸುವ ಜಾಗ, ಗೋಡೆಯ ಪ್ಲಗ್ಗು, ದಿನಕ್ಕೆ ಎಷ್ಟು ತಾಸು ಕರೆಂಟು, ಎಲ್ಲ ವಿಚಾರಿಸಿ ಮರುದಿನ ಬಂದು, 'ಅಲ್ಲಿ ಇದು ಉಪಾಸ ಬೀಳ್ತೈತಿ, ಬ್ಯಾಡ' ಎನ್ನುತ್ತಿದ್ದರು. ತೋಟದ ಮನೆಯವರಲ್ಲಿ ರೊಕ್ಕ ಇದೆ, ಕರೆಂಟು ಪಾಳಿಯ ಮೇಲೆ. ಊರೊಳಗೆ ಕರೆಂಟಿದೆ, ಕಾರು ನಿಲ್ಲಿಸಲು ಜಾಗವಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಕಾರು ಗಾಜಿನ ಹಿಂದೆ ನಿಂತೇ ಇತ್ತು. ದಿನಾ ಅದರ ಧೂಳು ಒರೆಸಿ ಒರೆಸಿ ನಾನು ಸೋತುಹೋದೆ.

ಎರಡನೆಯ ದಸರೆಯೂ ಮುಗಿದ ಮರುದಿನ ಮಾಲೀಕರು ಇಬ್ಬರನ್ನೂ ಕರೆದರು. 'ದೀಪಾವಳಿ ಪಾಡ್ಯದೊಳಗ ಇದು ಮಾರಲಿಲ್ಲಂದ್ರ ಹಿಂದಕ್ಕ ಕಳಸ್ತೇನಿ. ಆಮ್ಯಾಗ ನಿಮ್ಮಿಬ್ಬರಾಗ ಒಬ್ಬರಿಗಷ್ಟ ಇಲ್ಲಿ ಕೆಲಸ.' ನನಗೆ ಶಾಲೆಗೆ ಹೋಗುವ ಎರಡು ಮಕ್ಕಳು. ಮಾಮಾನಿಗೆ ಮದುವೆಯೇ ಆಗಿಲ್ಲ. ಮಾಮಾನೇ ಹೋಗಲಿ ಎಂದು ಒಂದು ಗಳಿಗೆ ಅನಿಸಿತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಕಳ್ಳಕವಟಗಿಯ ದ್ರಾಕ್ಷಿ ಬೆಳೆಗಾರರೊಬ್ಬರು ಬಂದರು. ಸಪ್ಪಳ ಕೇಳಲಿಲ್ಲ, ಡೀಸೆಲ್ ಕೇಳಲಿಲ್ಲ. 'ಇದನ್ನ ಕೊಡ್ರಿ, ನಾಳೆ ಬಂದ ಒಯ್ತೇನಿ' ಎಂದರು. ಯಪ್ಪಾ! ಅವರು ಹೊರಟ ಕೂಡಲೇ ನಾನು, 'ಮಾಮಾ, ಕೈ ಮುಗೀತೇನಿ, ಇದೊಂದಕ್ಕ ಗ್ವಾದಲಿ ನೋಡಬ್ಯಾಡ' ಎಂದೆ. ಮಾಮಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಮಾಮಾನ ಮುಖ ನೋಡಿಯೇ ತಿಳಿಯಿತು. ಹಿಂದಿನ ಸಂಜೆಯೇ ಬಸ್ಸು ಹಿಡಿದು ಹೋಗಿಬಂದಿದ್ದರು.

'ಮನಿ ತೋಟದಾಗ ಐತಿ, ಅಳಿಯಾ. ಕರೆಂಟು ಪಂಪಿಗೇ ಸಾಲವಲ್ದು. ಚಾರ್ಜ್ ಇಲ್ಲದ ಇದು ಬರೇ ಬ್ಯಾಟರಿ ಭಾರ ಹೊತ್ತ ಪೆಟ್ರೋಲ್ ಕುಡೀತೈತಿ. ಬ್ಯಾಡಂತ ಹೇಳಿ ಬಂದೆ.'

'ಅವರ ರೊಕ್ಕ, ಅವರ ಕಾರು! ನಿನಗೇನ ಆಗಬೇಕಾಗಿತ್ತು?' ಮಾಮಾನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು.

ಮಾಮಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. 'ಒಮ್ಮಿ ಗ್ವಾದಲಿ ನೋಡಲಾರದ ಒಂದ ಜೋಡಿ ಎತ್ತ ಕೊಡಿಸಿದ್ದೆ. ಆರು ತಿಂಗಳ ಮ್ಯಾಲ ಕಾಖಂಡಕಿ ಹಾದ್ಯಾಗ ಎದುರಿಗೆ ಬಂದ್ವು. ಎಲುಬು ಎಣಿಸೂ ಹಂಗ ಆಗಿದ್ವು. ನನ್ನ ದನಿ ಕೇಳಿ ಎರಡೂ ನಿಂತ ಬಿಟ್ವು, ಅಳಿಯಾ. ಮಾಲಕ ಹೊಡದ್ರೂ ಕಾಲ ಕಿತ್ತಿಡಲಿಲ್ಲ.'

ಕಾರಿಗೆ ಕಿವಿಯಿಲ್ಲ ಮಾಮಾ ಎನ್ನಬೇಕೆಂದುಕೊಂಡೆ. ಅನ್ನದೆ ಧೂಳು ಒರೆಸುವ ಬಟ್ಟೆ ಎತ್ತಿಕೊಂಡೆ.

ಪಾಡ್ಯದ ಮರುದಿನ ಲಾರಿ ಬಂದು ಕಾರನ್ನು ಏರಿಸಿಕೊಂಡಿತು. ಮಾಮಾ ಅದರ ಬೆನ್ನು ತಟ್ಟಿ ಕಳಿಸಿದರು. ನಾನು ಎದೆ ಗಟ್ಟಿ ಮಾಡಿಕೊಂಡು ಮಾಲೀಕರ ಕೋಣೆಗೆ ಹೋದೆ. ನನ್ನ ಮುಖ ನೋಡಿ ಅವರೇ ಮಾತೆತ್ತಿದರು: 'ನೀ ಯಾಕ ಹೆದರ್ತಿ? ನಾ ನಿಮ್ಮಿಬ್ಬರನ್ನೂ ಕರದನಲ್ಲ, ನಿಮ್ಮ ಮಾಮಾ ಅವತ್ತ ಸಂಜಿಕೇನ ಬಂದ ಹೇಳ್ಯಾರ. ಕಾರು ಹೋಗಲಿ ಬಿಡಲಿ, ಅಳಿಯಾನ್ನ ಇಟ್ಕೋರಿ, ನಾ ಹೋಗ್ತೇನಿ ಅಂತ.'

ಅವತ್ತು ಎಂದರೆ ದಸರೆಯ ಮರುದಿನ. ನಾನು ಮಾಮಾನೇ ಹೋಗಲಿ ಎಂದುಕೊಂಡ ದಿನ.

ಹೊರಗೆ ಓಡಿಬಂದೆ. ಮಾಮಾ ರಸ್ತೆಯ ಅಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅವರ ಪಕ್ಕ ಹೋಗಿ ನಿಂತೆ. ಅವರು ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಸಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. ಯಾವ ಬೆರಳು ಒತ್ತುತ್ತಾರೋ ಎಂದು ಕಾದೆ. ಒಂದನ್ನೂ ಒತ್ತಲಿಲ್ಲ. ಐದೂ ಬೆರಳು ಹಿಡಿದುಕೊಂಡು, ಬಸ್ಸು ಬರುವ ತನಕ ಹಾಗೇ ನಿಂತಿದ್ದರು.