ಎಂಟು ಮಿನಿಟಿನ ಹಿಂದಿನ ಸೂರ್ಯ

ಆಕಾಶದ ಬಗ್ಗೆ ಬರದ್ರ ಭೂಮಿ ಮ್ಯಾಲಿನ ಯಾರಿಗೂ ತ್ರಾಸ ಆಗೂದಿಲ್ಲ ಅಂತ ನಾ ನಂಬಿದ್ದೆ. ಆದ್ರ ನಾ ಬರದದ್ದು ವಾರಕ್ಕೊಮ್ಮೆ ಆಕಾಶ ಬಿಟ್ಟು ಇಳದು, ಸೀದಾ ಬಂದು ನನ್ನ ಎದುರಿಗೇ ನಿಂದರತಿತ್ತು. ಪ್ರತಿ ಸಲಾನೂ ನಾ ಬಾಯಿ ತಕ್ಕೊಂಡು ನಿಂತದ್ದs ಬಂತು.

ಎಪ್ಪತ್ತರ ದಶಕದ ಮಾತಿದು. ನಾ ವಿಜಾಪುರದ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಮಾಸ್ತರ. ಊರಾಗ ನಾಕು ಪುಟದ ಒಂದು ವಾರಪತ್ರಿಕಿ ಇತ್ತು. ಒಂದಿನ ಅದರ ಸಂಪಾದಕರು ಮನೀಗೆ ಬಂದು, "ಮಾಸ್ತರ, ಮನಶ್ಯಾ ಚಂದ್ರನ ಮ್ಯಾಲ ಕಾಲಿಟ್ಟು ಬಂದಾಗಿಂದ ನಮ್ಮ ಓದುಗರ ತಲಿ ನೆಟ್ಟಗಿಲ್ಲರಿ. ದಿನಾ ಕಾರ್ಡ ಬರಾಕತ್ತಾವ. ಸೂರ್ಯ ಯಾಕ ಉರೀತಾನ, ಆಕಾಶ ಎಲ್ಲಿ ಮುಗೀತೈತಿ ಅಂತ ಕೇಳ್ತಾರ. ನನಗ ಜಾಹೀರಾತು ಎಲ್ಲಿ ಮುಗೀತೈತಿ ಅನ್ನೂದಷ್ಟ ಗೊತ್ತು. ನೀವ ಉತ್ರಾ ಬರೀರಿ" ಅಂದ್ರು. ನಾ ಹಿಗ್ಗಿ ಹೂಂ ಅಂದೆ. ಆ ಹೂಂ ಅಂದದ್ದರಿಂದ ಬಬಲೇಶ್ವರದ ಒಬ್ಬಾಕಿ ಹೆಣ್ಣಮಗಳ ಹೊಲದ ನೀರಿಗೇ ಕುತ್ತು ಬರತೈತಿ ಅಂತ ನನಗೇನ ಕನಸ ಬಿದ್ದಿತ್ತೇನ್ರಿ? ಅದನ್ನ ಕಡೀಕ ಹೇಳ್ತೀನಿ. ಅದಕ್ಕಿಂತ ಮದಲ ಆದದ್ದೂ ಏನ ಕಡಿಮಿ ಇಲ್ಲ.

ದರ್ಜಿ ಹೇಳಿದ ಲೆಕ್ಕ

ಮದಲನೇ ವಾರ ಒಬ್ಬಾವ ಕೇಳಿದ್ದ: ಈ ವಿಶ್ವ ಇದ್ದಷ್ಟ ಇರತೈತೇನು? ನಾ ಬರದೆ, ಇಲ್ಲ, ವಿಶ್ವ ಹಿಗ್ಗಾಕತ್ತೈತಿ, ನಕ್ಷತ್ರಗಳ ದೊಡ್ಡ ದೊಡ್ಡ ಹಿಂಡು ಒಂದರಿಂದ ಒಂದು ದೂರ ಹೊಂಟಾವ, ಅಂತ.

ಅದs ವಾರ ನಾನೊಂದು ಪ್ಯಾಂಟು ಹೊಲಿಸಿದ್ದೆ. ಹಾಕ್ಕೋಳಾಕ ಹೋದ್ರ ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ. ನಡುವ ಮೂರು ಬಟ್ಟು ಹೊಟ್ಟಿ. ಸಿಟ್ಟಿಲೆ ದರ್ಜಿ ಅಂಗಡಿಗೆ ಹೋಗಿ, "ಏನಪಾ ಇದು? ಅಳತಿ ತಗೊಂಡಾಗ ಕಣ್ಣು ಎಲ್ಲಿ ಇಟ್ಟಿದ್ದಿ?" ಅಂದೆ.

ಅಂವ ಕತ್ತರಿ ಕೆಳಗಿಟ್ಟು, ರೊಕ್ಕದ ಗಲ್ಲೆದ ಕೆಳಗಿಂದ ಪತ್ರಿಕಿ ತಗದ. ನಾ ಬರದ ಜಾಗಾಕ್ಕ ಸೀಮಿಸುಣ್ಣದಿಂದ ಗೆರಿ ಹೊಡದಿದ್ದ.

"ನೋಡ್ರಿ ಮಾಸ್ತರ, ಅಳತಿ ತಗೊಂಡದ್ದು ಸ್ವಾಮಾರ. ನೀವು ಬಂದದ್ದು ಶನಿವಾರ. ನಡುವ ಐದು ದಿನ ವಿಶ್ವ ಹಿಗ್ಗೈತಿ. ಪ್ಯಾಂಟು ನನ್ನ ಅಂಗಡ್ಯಾಗ ಮಡಚಿಟ್ಟದ್ದು, ಅದು ಹೆಂಗ ಹಿಗ್ಗಬೇಕು? ತಿರಗ್ಯಾಡಾವ್ರು ನೀವು, ನೀವ ಹಿಗ್ಗೀರಿ."

ಅಂಗಡ್ಯಾಗ ಕುಂತಾವ್ರು ಹೌದಲ್ಲ ಅಂದ್ರು. ನಾ ಬರದದ್ದನ್ನ ನಾನ ಸುಳ್ಳು ಅನ್ನಾಕ ಬರತೈತೇನು? ಪ್ಯಾಂಟು ಕಂಕಳಾಗ ಇಟಗೊಂಡು ಮನೀಗೆ ಬಂದೆ. ನನ್ನ ಹೆಂಡತಿ ಹೊಲಿಗಿ ಬಿಚ್ಚಿಕೋತ, "ಮುಂದಿನ ವಾರ ವಿಶ್ವ ಕುಗ್ಗತೈತಿ ಅಂತ ಬರೀರಿ, ಅಂವಗೂ ತಿಳೀಲಿ" ಅಂದ್ಳು.

ತಿಕೋಟಾದಿಂದ ಬಂದ ಸೈಕಲ್ಲು

ನಮ್ಮ ಸಾಲಿ ಡ್ರಿಲ್ ಮಾಸ್ತರ ತಿಕೋಟಾದಿಂದ ಸೈಕಲ್ ಮ್ಯಾಲ ಬರಾವ. ದಿನಾ ಅರ್ಧಾ ತಾಸು ತಡಾ. ದಿನಾ ಹೊಸಾ ಕಾರಣ. ಎತ್ತು ಅಡ್ಡ ಬಂತು, ಚೈನ್ ಉಚ್ಚತು, ಗಾಳಿ ಎದುರಿಗಿತ್ತು. ಆ ವಾರ ನಾ ಬರದಿದ್ದೆ: ಭಾಳ ಅಂದ್ರ ಭಾಳ ವೇಗದಾಗ ಹೋಗಾವನ ಗಡಿಯಾರ, ಒಂದs ಕಡೆ ನಿಂತಾವನ ಗಡಿಯಾರಕ್ಕಿಂತ ನಿಧಾನ ನಡೀತೈತಿ.

ಮರುದಿನ ಹೆಡ್ ಮಾಸ್ತರು ತಮ್ಮ ಕೋಣಿಗೆ ನನ್ನ ಕರಸಿದ್ರು. ಡ್ರಿಲ್ ಮಾಸ್ತರ ಬೆವರು ಒರಸ್ಕೋತ ನಿಂತಾನ, ಕೈಯಾಗ ಪತ್ರಿಕಿ ತುಂಡು. "ಸರ, ನಾ ತಡಾ ಮಾಡಿಲ್ಲರಿ. ಭಾಳ ಜೋರ ತುಳಕೊಂಡ ಬಂದೇನಿ. ನನ್ನ ಗಡಿಯಾರದಾಗ ಇನ್ನೂ ಹತ್ತs ಆಗೈತಿ. ಬೇಕಾದ್ರ ಬರದಾವ್ರನ್ನ ಕೇಳ್ರಿ."

"ಸರ, ಅದು ಬೆಳಕಿನ ವೇಗದ ಮಾತರಿ, ಸೈಕಲ್ಲಿಂದಲ್ಲ" ಅಂತ ತೊದಲಿದೆ.

ಹೆಡ್ ಮಾಸ್ತರು ಚಷ್ಮಾ ತಗದು ಇಬ್ಬರನ್ನೂ ನೋಡಿದ್ರು. "ಅಂದ್ರ, ನಾವೆಲ್ಲಾರೂ ಇಲ್ಲೇ ಕುಂತು ಲಗೂ ಲಗೂ ಮುದಕರಾಗಾಕತ್ತೀವಿ. ಇವರು ದಿನಾ ಸೈಕಲ್ ತುಳದು ಸಣ್ಣಾವ್ರ ಉಳಕೋತಾರ. ಹೌದಿಲ್ಲೋ?"

"ಹೌದ್ರಿ ಸರ" ಅಂದ ಡ್ರಿಲ್ ಮಾಸ್ತರ, ಗೆದ್ದ ಖುಷಿಲೆ.

"ಭಾಳ ಛಲೋ ಆತು. ಇವತ್ತಿಂದ ಎಂಟನೇತ್ತಾದ ಹಾಜರಿ ಪುಸ್ತಕದಾಗ ಇವರ ಹೆಸರು ಹಚ್ರಿ. ಹಿಂದಿನ ಬೆಂಚಿನ್ಯಾಗ ಜಾಗಾ ಐತಿ."

ಆ ಮಾಸ್ತರ ಮರುದಿನದಿಂದ ಪ್ರಾರ್ಥನಾಕ್ಕ ಮದಲs ಬರಾಕ ಹತ್ತಿದ. ನನ್ನ ಜೋಡಿ ಮಾತ್ರ ಒಂದ ತಿಂಗಳ ಮಾತ ಬಿಟ್ಟ.

ಭೂತನಾಳದ ಕೆರಿ ದಂಡಿ

ರವಿವಾರ ನಾ ಭೂತನಾಳ ಕೆರಿಕಡೆ ಅಡ್ಡ್ಯಾಡಾಕ ಹೋಗತಿದ್ದೆ. ಅಲ್ಲಿ ಒಬ್ಬ ಮುದುಕ ಕುರಿಗೆ ನೀರ ಕುಡಸಾಕ ಬರತಿದ್ದ. ಚಾದಂಗಡ್ಯಾಗ ಯಾರೋ ನನ್ನ ಉತ್ರಾ ಓದಿ ಹೇಳಿದ್ರಂತ. ಒಂದಿನ ನನ್ನ ತಡದು ನಿಲ್ಲಿಸಿದ.

"ಮಾಸ್ತರ, ಈ ಜಗತ್ತು ಶುರು ಆಗೂಕಿಂತ ಮದಲ ಏನಿತ್ತ್ರಿ?"

"ಏನೂ ಇರಲಿಲ್ಲ ಯಜ್ಜಾ."

"ಮಣ್ಣು?"

"ಇರಲಿಲ್ಲ."

"ಕತ್ತಲಿಯಾರ ಇತ್ತಿಲ್ಲೋ?"

"ಕತ್ತಲಿನೂ ಇಲ್ಲ. ಹೊತ್ತು ಅನ್ನೂದ ಇರಲಿಲ್ಲ. ಜಾಗಾ ಅನ್ನೂದೂ ಇರಲಿಲ್ಲ" ಅಂತ ನಾ ಕೈ ಬೀಸಿ ಹೇಳಿದೆ. ಪಾಪ, ಮುದುಕ ಗಾಬರಿ ಆದಾನು ಅಂತ ಅವನ ಮಾರಿ ನೋಡಿದೆ. ಅಂವ ಬಡಿಗಿ ಊರಿ ವಿಚಾರ ಮಾಡಿದ.

"ನಂದು ಒಂದ ಕುರಿ ಕಳದ್ರ, ನೋಡೇನಿ ಅಂದಾವಗ ನಾ ಮದಲ ಕೇಳೂದು, ಎಲ್ಲಿ ನಿಂತು ನೋಡಿದೆಪಾ ಅಂತ. ಜಾಗಾನ ಇರಲಿಲ್ಲ ಅಂತೀರಿ. ಮತ್ತ ಇದನ್ನ ನೋಡಿದಾವ ಎಲ್ಲಿ ನಿಂತು ನೋಡ್ದ?"

ಎಂ.ಎಸ್ಸಿ. ಓದೂವಾಗೂ ನನಗ ಇಂಥಾ ಪ್ರಶ್ನಿ ಯಾರೂ ಹಾಕಿರಲಿಲ್ಲ. ಅಂವ ಕುರಿ ಹೊಡಕೊಂಡು ಹೊಂಟ, "ಅವಸರ ಇಲ್ಲರಿ, ತಿಳದಮ್ಯಾಲ ಹೇಳ್ರಿ, ನಾ ದಿನಾ ಇಲ್ಲೇ ಬರತೇನಿ" ಅಂದ. ಅವತ್ತಿಂದ ನಾ ಅಡ್ಡ್ಯಾಡೂ ದಾರಿ ಬದಲ ಮಾಡಿದೆ.

ಬಬಲೇಶ್ವರದ ಜಿಜ್ಞಾಸು

ಇಂಥಾ ಮಂದಿ ನಡುವ ಒಬ್ಬಾವ ಮಾತ್ರ ನನ್ನ ಜೀವಕ್ಕ ತಂಪು ತಂದಿದ್ದ. ಬಬಲೇಶ್ವರದಾಗ ಒಕ್ಕಲತನ ಮಾಡಾವ. ಮುತ್ತಿನಂಥಾ ಅಕ್ಷರ. ಮದಲನೇ ಕಾರ್ಡಿನ್ಯಾಗ ಕೇಳಿದ: "ಸೂರ್ಯ ಕಾಯಂ ಇರತಾನೇನು?" ನಾ ಬರದೆ, ಇಲ್ಲ, ಇನ್ನ ಐನೂರು ಕೋಟಿ ವರ್ಷಕ್ಕ ಅವನ ಆಟಾ ಮುಗೀತೈತಿ. ಎರಡನೇ ಕಾರ್ಡು: "ಐನೂರು ಕೋಟಿ ಭಾಳ ಆತು. ಚಂದ್ರನ ಹಕೀಕತ್ತು ಏನು?" ನಾ ಬರದೆ, ಚಂದ್ರ ವರ್ಷಕ್ಕ ಒಂದಿಂಚಿಗಿಂತ ತುಸು ಹೆಚ್ಚು ನಮ್ಮಿಂದ ದೂರ ಸರ್ಯಾಕತ್ತಾನ. ಮೂರನೇ ಕಾರ್ಡು: "ಈಗ ಈ ಗಳಿಗ್ಯಾಗ ಸೂರ್ಯ ಅದಾನ ಅಂತ ಖಾತ್ರಿ ಹೇಳಾಕ ಬರತೈತೇನು?"

ಅಬ್ಬಬ್ಬಾ, ಎಂಥಾ ಪ್ರಶ್ನಿ! ನಾ ಕುರ್ಚಿ ಬಿಟ್ಟು ಎದ್ದ ನಿಂತೆ. ಖುಷಿಲೆ ಅರ್ಧಾ ಪುಟ ಬರದೆ. ಸೂರ್ಯನ ಬೆಳಕು ಇಲ್ಲಿಗೆ ಮುಟ್ಟಾಕ ಎಂಟು ಮಿನಿಟು ಬೇಕು, ಚಂದ್ರನ ಬೆಳಕಿಗೆ ಒಂದೂಕಾಲು ಸೆಕೆಂದ ಸಾಕು. ಅಂದ್ರ ನಾವು ನೋಡೂದು ಎಂಟು ಮಿನಿಟಿನ ಹಿಂದಿನ ಸೂರ್ಯನ್ನ. ಈಗಿನ ಸೂರ್ಯ ಅದಾನೋ ಇಲ್ಲೋ, ಈ ಗಳಿಗ್ಯಾಗ ಯಾರಿಗೂ ಹೇಳಾಕ ಬರೂದಿಲ್ಲ! ಕೆಳಗ ನನ್ನ ಹೆಸರು, ಡಿಗ್ರಿ ಸಮೇತ. ಸಂಪಾದಕರು ಅಂವಗ "ತಿಂಗಳ ಜಿಜ್ಞಾಸು" ಅಂತ ಪಟ್ಟಾ ಕಟ್ಟಿ ಫೋಟೋ ಹಾಕಿದ್ರು.

ಮನ್ಯಾಗ ಹೇಳಿಕೊಂಡೆ, "ನೋಡು, ಬಬಲೇಶ್ವರದಾಗ ಒಬ್ಬ ವಿಜ್ಞಾನಿ ಹುಟ್ಯಾನ." ನನ್ನ ಹೆಂಡತಿ ಮೂರೂ ಕಾರ್ಡು ಓದಿ ಮುಖಾ ಸಿಂಡರಿಸಿದ್ಳು. "ಇಂವಗ ಸೂರ್ಯ ಹೆಂಗ ಅದಾನ ಅನ್ನೂದು ಬೇಕಾಗಿಲ್ಲರಿ. ಯಾವಾಗ ಹೋಗತಾನ ಅನ್ನೂದಷ್ಟ ಬೇಕು. ಯಾಕೋ ನನಗ ಇದು ಛಲೋ ಕಾಣವಲ್ದು."

ನಿನಗ ವಿಜ್ಞಾನ ತಿಳಿಯೂದಿಲ್ಲ ಅಂತ ಜಬರಿಸಿದೆ.

ಚಾವಡಿಯೊಳಗ

ಎಂಟು ದಿನಕ್ಕ ಬಬಲೇಶ್ವರದಿಂದ ಹೇಳಿಕಿ ಬಂತು: ಪಂಚರು ಕೂಡತಾರ, ಮಾಸ್ತರು ಬರಬೇಕು. ಸನ್ಮಾನ ಇರಬೇಕಂತ ತಿಳದು ನಾ ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ಹೋದೆ.

ಚಾವಡಿ ತುಂಬ ಮಂದಿ. ನನ್ನ ಜಿಜ್ಞಾಸು ಒಂದು ಕಡೆ ಕುಂತಾನ, ಮಡಿಲಾಗ ನನ್ನ ಉತ್ರಾಗಳ ಕಟ್ಟು. ಇನ್ನೊಂದು ಕಡೆ ಅವನ ಅಕ್ಕ. ಗಂಡನ ಕಳಕೊಂಡು ತವರೂರಾಗ ಮೂರು ಎಕರೆದಾಗ ಉಳ್ಳಾಗಡ್ಡಿ ಬೆಳದು ಜೀವನಾ ಮಾಡಾಕಿ. ಅವರಪ್ಪ ಸಾಯೂಮುಂದ ಕಾಗದ ಮಾಡಿಸಿಟ್ಟಿದ್ದ: ವಾರದಾಗ ಎರಡು ದಿನ, ಹೊತ್ತು ಹುಟ್ಟಿದಾಗಿಂದ ಮುಣಗೂತನಕ, ಭಾಂವಿ ನೀರಿನ ಪಾಳಿ ಮಗಳಿಗೆ, ಸೂರ್ಯ ಚಂದ್ರ ಇರೋತನಕ. ಎಲ್ಲಾರೂ ಬರಸೂ ಮಾತು ಅದು. ತಮ್ಮಗ ಆ ಎರಡು ದಿನದ ನೀರಿನ ಮ್ಯಾಲ ಕಣ್ಣು.

ತಮ್ಮ ಎದ್ದು ನಿಂತ. "ಹಿರ್ಯಾರs, ನಾ ಅಪ್ಪನ ಮಾತು ಮೀರಾವಲ್ಲ. ಸೂರ್ಯ ಇರೋತನಕ ಅಂತ ಐತಿ. ಸೂರ್ಯ ಅದಾನಂತ ಅಕ್ಕ ತೋರಸಲಿ, ನೀರು ಬಿಡತೇನಿ."

"ಅಲ್ಲೇನ ನೆತ್ತಿ ಮ್ಯಾಲ ಸುಡಾಕತ್ತಾನಲ್ಲೋ ಹುಚ್ಚಾ!" ಅಂದ್ರು ಎಲ್ಲಾರೂ.

"ಅದು ಎಂಟು ಮಿನಿಟಿನ ಹಿಂದಿನ ಸೂರ್ಯ. ಈಗಿಂದು ಯಾರಿಗೂ ಗೊತ್ತಿಲ್ಲಂತ. ಬರದಾವ್ರು ಇಲ್ಲೇ ಕುಂತಾರ. ಏನ್ರಿ ಮಾಸ್ತರ, ಖರೇನೋ ಸುಳ್ಳೋ?"

ಆ ಮುತ್ತಿನಂಥಾ ಅಕ್ಷರ ಇದಕ್ಕೇನು! ಎದ್ದು, "ಅದು ಖರೇ, ಆದ್ರ..." ಅನ್ನೂದ್ರಾಗ ತಮ್ಮ, "ಸಾಕ್ರಿ, ಖರೇ ಅಂದ್ರಲ್ಲ!" ಅಂತ ನನ್ನ ಕೂಡ್ರಿಸಿಬಿಟ್ಟ.

ಅಕ್ಕ ಸೆರಗು ಸರಿ ಮಾಡಿಕೊಂಡು ನನ್ನ ನೋಡಿದ್ಳು. "ಯಪ್ಪಾ ಮಾಸ್ತರ, ಅಷ್ಟೆಲ್ಲಾ ಓದಿದ್ದು ನನ್ನ ಉಳ್ಳಾಗಡ್ಡಿ ಒಣಗಸಾಕೇನ್ರಿ?" ಸನ್ಮಾನಕ್ಕಂತ ಹಾಕ್ಕೊಂಡ ಕೋಟು ಮೈಗೆ ಚುಚ್ಚಾಕತ್ತು.

ಪಂಚರೊಳಗ ಹಿರ್ಯಾವ ಎಲಿ ಅಡಿಕಿ ಉಗುಳಿ ಬಂದ. "ಮಾಸ್ತರ, ಗಡಿಯಾರ ತಗೀರಿ. ಎಲ್ಲಾರೂ ಹೊರಗ ನಡೀರಿ. ಬೇವಿನ ಗಿಡದ ನೆಳ್ಳು ನೋಡಕೋತ ನಿಂದರ್ರಿ."

ಎಂಟು ಮಿನಿಟು ಊರಿಗೆ ಊರs ಉಸರ ಹಿಡಕೊಂಡು ನೆಳ್ಳು ನೋಡತು. ನಾ "ಆತು" ಅಂದೆ. ನೆಳ್ಳು ಇನ್ನೂ ಇತ್ತು.

"ಅಂದ್ರ ನಾವು ಹೊರಗ ಬಂದಾಗ ಸೂರ್ಯ ಇದ್ದ" ಅಂದ ಹಿರ್ಯಾ.

"ಈಗ?" ಅಂದ ತಮ್ಮ.

ಮತ್ತ ಎಂಟು ಮಿನಿಟು ನಿಂತ್ವಿ. ಮತ್ತ ತಮ್ಮ "ಈಗ?" ಅಂದ. ಮೂರನೇ ಸಲಕ್ಕ ಹಿರ್ಯಾನ ಸಂಯಮ ಮುಗೀತು. ಎಲ್ಲಾರನ್ನೂ ಒಳಗ ಕರಕೊಂಡು ಕುಂತು ಹುಕುಂ ಮಾಡಿದ: "ನೀರು ಅಕ್ಕಂದ. ಆದ್ರ ಮಾಸ್ತರು ಕಲತಾವ್ರು, ಅವರ ಮಾತಿಗೂ ಮರ್ಯಾದಿ ಕೊಡಬೇಕು. ಹೊತ್ತು ಹುಟ್ಟಿಂದ ಎಂಟು ಮಿನಿಟು ತಡದು, ಸೂರ್ಯ ಇದ್ದದ್ದು ಖಾತ್ರಿ ಆದಮ್ಯಾಲ ಭಾಂವಿ ಇಂಜಿನ್ ಚಾಲೂ ಮಾಡಲಿ."

ನೀರು ಉಳೀತಲ್ಲ ಅಂತ ನಾ ಉಸರ ಬಿಟ್ಟೆ. ತಮ್ಮ ಎಂಟು ಮಿನಿಟಾದ್ರೂ ಸಿಕ್ಕವು ಅಂತ ಮೀಸಿ ತಿರವಿದ.

ಕಡೀ ಎರಡು ಕಾರ್ಡು

ಹದಿನೈದು ದಿನಕ್ಕ ಅಕ್ಕನ ಕಾರ್ಡ ಬಂತು. ನಾಕನೇತ್ತಾ ಕಲತಾಕಿ, ದೊಡ್ಡ ದೊಡ್ಡ ಅಕ್ಷರ.

"ಮಾಸ್ತರಿಗೆ ಶರಣು. ನೀವು ಬರದದ್ದನ್ನ ನಾನೂ ತರಸಿ ಓದಿದೆ. ಕಾಗದದಾಗ ಸೂರ್ಯ ಒಬ್ಬನ ಇಲ್ಲ, ಚಂದ್ರನ ಹೆಸರೂ ಐತಿ. ಅವನ ಬೆಳಕಿಗೆ ಒಂದೂಕಾಲು ಸೆಕೆಂದ ಸಾಕಂತ ನೀವ ಬರದೀರಿ. ಇಂಜಿನ್ನಿಗೆ ಹ್ಯಾಂಡಲ್ ಹೊಡ್ಯಾಕs ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪಂಚರ ಮುಂದ ಹೇಳಿದೆ, ಪತ್ರಿಕಿ ಮಾತು ತಮ್ಮಗ ನಡದ್ರ ನನಗೂ ನಡೀಬೇಕಲ್ರಿ ಅಂತ. ಒಪ್ಪಿದ್ರು. ಎಂಟು ಮಿನಿಟು ಕಾಯೂದು ತಪ್ಪತು. ಈಗ ನನ್ನ ಪಾಳಿ ದಿನ ಸೂರ್ಯ ಹೋದಮ್ಯಾಲೂ ಚಂದ್ರ ಇರೋತನಕ ನೀರು ನಂದ. ಉಳ್ಳಾಗಡ್ಡಿ ಛಲೋ ಬಂದಾವ. ಒಂದ ಚೀಲ ಬಸ್ಸಿಗೆ ಹಾಕೇನಿ, ಬಿಡಿಸಿಕೋರಿ."

ನಾ ಕಾರ್ಡ ಮತ್ತೊಮ್ಮೆ ಮದಲಿಂದ ಓದಿದೆ. ನನ್ನ ಹೆಂಡತಿ ಮಾತ್ರ ನಕ್ಕು ನಕ್ಕು ಕಣ್ಣೀರ ಒರಸಿಕೊಂಡ್ಳು. "ವಿಜ್ಞಾನಿ ಬಬಲೇಶ್ವರದಾಗs ಹುಟ್ಯಾಳ ಬಿಡ್ರಿ" ಅಂದ್ಳು.

ಅದs ಟಪಾಲಿನ್ಯಾಗ ಇನ್ನೊಂದು ಕಾರ್ಡ ಇತ್ತು. ಮುತ್ತಿನಂಥಾ ಅಕ್ಷರ, ಈ ಸಲ ತುಸು ನಡಗಿದ್ವು.

"ಮಾಸ್ತರ, ಚಂದ್ರ ವರ್ಷಕ್ಕ ಒಂದಿಂಚು ದೂರ ಹೊಂಟಾನ ಅಂದಿದ್ರಿ. ಪೂರಾ ಹೋಗಾಕ ಇನ್ನ ಎಷ್ಟ ದಿನ ಬೇಕು? ಪತ್ರಿಕ್ಯಾಗ ಹಾಕಬ್ಯಾಡ್ರಿ, ಅಕ್ಕ ಓದತಾಳ. ನನಗಷ್ಟ ಲಗೂ ತಿಳಸ್ರಿ."