ನಾಲ್ಕು ಕಂಬದ ಕಿವಿ

"ಬರೆದಿಟ್ಟುಕೋ! ಬರುವ ಭಾನುವಾರ ಸೂರ್ಯ ಹುಟ್ಟೋದರೊಳಗೆ ನಾನು ನೂರು ಮುಟ್ಟಿರ್ತೀನಿ!"

ಗಡಿಯಾರ ರಿಪೇರಿ ಯಜಮಾನರು ಹೀಗೆಂದು ಊಟದ ಮೇಜು ಗುದ್ದಿದ ರಭಸಕ್ಕೆ ಉಪ್ಪಿನ ಡಬ್ಬಿ ಎರಡು ಗೇಣು ಹಾರಿ, ಗಾಳಿಯಲ್ಲಿ ಕೊಂಚ ಯೋಚಿಸಿ, ಕೆಳಗಿಳಿಯಿತು. ಬಟಾಣಿ ಬಿಡಿಸುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ.

"ಹೋದ ತಿಂಗಳು ತಾನೆ ಅರವತ್ತೊಂದು ತುಂಬಿತಲ್ರೀ. ಅಷ್ಟು ಅವಸರ ಯಾಕೆ?"

"ವಯಸ್ಸಲ್ಲ ಕಣೇ, ದೇಶ! ನೂರು ದೇಶ!"

ವಿಷಯ ಇಷ್ಟು. ಯಜಮಾನರು ಹಗಲಿಡೀ ಅಂಗಡಿಯಲ್ಲಿ ಕುಳಿತು ಸಾಸಿವೆಗಿಂತ ಸಣ್ಣ ಹಲ್ಲಿನ ಚಕ್ರಗಳನ್ನು ಚಿಮುಟದಲ್ಲಿ ಎತ್ತಿಡುವವರು. ಆದರೆ ಅವರ ಪ್ರಾಣವಿದ್ದದ್ದು ಮನೆಯ ಹಿಂದಿನ ಕೋಣೆಯ ಹವ್ಯಾಸಿ ರೇಡಿಯೋದಲ್ಲಿ. ಲೈಸೆನ್ಸು ಪಡೆದು, ಟೆಲಿಗ್ರಾಮಿನವರಂತೆ ಕುಟು ಕುಟು ಎಂದು ಕೀಲಿ ಒತ್ತಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿರುವವರನ್ನು ಮಾತಾಡಿಸುವ ಹುಚ್ಚು. ಅದರಲ್ಲೂ ಅವರು ಹಿಡಿದದ್ದು ಅತ್ಯಂತ ಕೆಳಗಿನ, ಅತ್ಯಂತ ಹಟಮಾರಿ ಅಲೆ. ಈ ಅಲೆ ಬಿಸಿಲು ಕಂಡರೆ ಸಾಯುತ್ತದೆ. ಕತ್ತಲಿದ್ದರಷ್ಟೇ ದೂರ ಹೋಗುತ್ತದೆ. ಬೇರೆಯವರು ಮೇಲಿನ ಅಲೆಗಳಲ್ಲಿ ಹಾಡುಹಗಲೇ ಮುನ್ನೂರು ದೇಶ ಮಾತಾಡಿಸಿ ಮೀಸೆ ತಿರುವುತ್ತಿದ್ದರೆ, ಯಜಮಾನರು ಇಪ್ಪತ್ತು ವರ್ಷ ಒದ್ದಾಡಿ ತೊಂಬತ್ತೊಂಬತ್ತಕ್ಕೆ ಬಂದು ನಿಂತಿದ್ದರು. ನಿಂತೇ ಹನ್ನೊಂದು ವರ್ಷವಾಗಿತ್ತು!

ಈಗ ಒಂದು ಅವಕಾಶ ಬಂದಿತ್ತು. ಹಕ್ಕಿಗಳ ಹಿಕ್ಕೆ ಬಿಟ್ಟರೆ ಬೇರೇನೂ ಇಲ್ಲದ ಒಂದು ದೂರದ ದ್ವೀಪಕ್ಕೆ ಇವರಂಥದೇ ಹುಚ್ಚಿನ ಆರು ಜನ ದೋಣಿಯಲ್ಲಿ ಹೋಗಿ, ಗುಡಾರ ಹಾಕಿ ರೇಡಿಯೋ ಹಚ್ಚಿದ್ದರು. ಹವ್ಯಾಸಿಗಳ ಪಟ್ಟಿಯಲ್ಲಿ ಆ ದ್ವೀಪವೇ ಒಂದು ದೇಶ. ಭಾನುವಾರ ಬೆಳಿಗ್ಗೆ ಅವರು ಗಂಟುಮೂಟೆ ಕಟ್ಟುತ್ತಾರೆ. ಮತ್ತೆ ಅಲ್ಲಿಗೆ ಮನುಷ್ಯರು ಕಾಲಿಡುವುದು ಯಜಮಾನರ ಮುಂದಿನ ಜನ್ಮದಲ್ಲಿ.

"ಹಾಗಾದ್ರೆ ಮಾತಾಡಿಸಿ. ಬೇಡ ಅಂದೋರು ಯಾರು?" ಎಂದರು ಹೆಂಡತಿ.

"ಮಾತಾಡಿಸೋದೇನೋ ಮಾತಾಡಿಸ್ತೀನಿ. ಅವರು ಹೇಳಿದ್ದು ನನಗೆ ಕೇಳಿಸಬೇಕಲ್ಲ!"

ನಿಜ. ಹಿತ್ತಲಿನಿಂದ ನೀರಿನ ಟ್ಯಾಂಕಿನವರೆಗೆ ಎಳೆದಿದ್ದ ಉದ್ದನೆಯ ತಂತಿಯಿಂದ ಅವರ ಕೂಗು ಏಳು ಸಮುದ್ರ ದಾಟಿ ಹೋಗುತ್ತಿತ್ತು. ಅದೇ ತಂತಿಯಲ್ಲಿ ಉತ್ತರ ಆಲಿಸಿದರೆ ಮಾತ್ರ, ಲಕ್ಷ ಜೀರುಂಡೆಗಳಿಗೆ ಒಟ್ಟಿಗೇ ನೆಗಡಿಯಾದಂಥ ಗೊರಗೊರ ಸದ್ದು. ಬೀದಿಯ ಬಲ್ಬು, ಚಾರ್ಜರು, ಮೋಟಾರುಗಳೆಲ್ಲ ಉಗುಳಿದ ಗದ್ದಲ ಅದು. ಅದರಡಿಯಲ್ಲಿ ದ್ವೀಪದ ಪಾಪದ ದನಿ ಎಲ್ಲೋ ಹೂತುಹೋಗಿತ್ತು.

"ಅದಕ್ಕೇ ಬೇರೆ ಕಿವಿ ಕಟ್ಟಿಸ್ತಾ ಇದ್ದೀನಿ," ಎಂದು ಯಜಮಾನರು ದನಿ ತಗ್ಗಿಸಿದರು. "ಚೌಕದ ನಾಲ್ಕು ಮೂಲೆಗೆ ನಾಲ್ಕು ಕಂಬ. ಕೇಳೋದಕ್ಕೆ ಮಾತ್ರ. ನಾಲ್ಕೂ ಸೇರಿ ಒಂದೇ ದಿಕ್ಕಿಗೆ ಕಿವಿ ಕೊಡ್ತವೆ. ಉಳಿದ ದಿಕ್ಕಿನ ಗದ್ದಲ ಒಂದಕ್ಕೊಂದು ಹೊಡೆದಾಡಿ ಸಾಯುತ್ತೆ. ಸ್ವಿಚ್ಚು ತಿರುಗಿಸಿದ್ರೆ ದಿಕ್ಕೂ ತಿರುಗುತ್ತೆ!"

"ಚೌಕ ಎಷ್ಟು ದೊಡ್ಡದು?"

"ಒಂದೊಂದು ಬದಿ ಅರವತ್ತೈದು ಅಡಿ."

"ನಮ್ಮ ಹಿತ್ತಲು ಎಷ್ಟು?"

ಯಜಮಾನರು ಕೆಮ್ಮಿದರು. ಹಿತ್ತಲು ಉದ್ದಕ್ಕೆ ಇಪ್ಪತ್ತು ಅಡಿ, ಅಗಲಕ್ಕೆ ಬಟ್ಟೆ ಒಗೆಯುವ ಕಲ್ಲು.

ಆದರೆ ಗಡಿಯಾರದ ಕಸುಬಿನವರು ಕೂದಲೆಳೆಯಷ್ಟು ಆಚೀಚೆ ಆದರೂ ಸಹಿಸುವವರಲ್ಲ. ಅವರು ಕಾಗದದ ಮೇಲೆ ಬೀದಿಯ ನಕ್ಷೆ ಬರೆದು, ಅದರ ಮೇಲೆ ಚೌಕ ಎಳೆದರು. ಕೆಳಗೆ ಯಾರ ಮನೆ ಇದೆ ಎನ್ನುವುದು ರೇಖಾಗಣಿತಕ್ಕೆ ಸಂಬಂಧಿಸಿದ ವಿಷಯವಲ್ಲವಷ್ಟೆ! ಮೊದಲ ಮೂಲೆ ಅವರದೇ ಒಗೆಯುವ ಕಲ್ಲಿನ ಪಕ್ಕ ಬಿತ್ತು. ಎರಡನೆಯದು ಹಲ್ಲಿನ ಡಾಕ್ಟರು ಕಾರು ನಿಲ್ಲಿಸುವ ಜಾಗದ ನಟ್ಟನಡುವೆ. ಮೂರನೆಯದು ನಿವೃತ್ತ ಹೆಡ್‌ಮಿಸ್ ಮಗುವಿನಂತೆ ಸಾಕಿದ್ದ ಗುಲಾಬಿ ಪಾತಿಯಲ್ಲಿ. ನಾಲ್ಕನೆಯದು ಹೆಂಡತಿಯ ತಮ್ಮನ ಮನೆಯ ಬಚ್ಚಲಿನಲ್ಲಿ.

"ಬಚ್ಚಲಲ್ಲಾ?" ಎಂದ ಭಾವಮೈದುನ.

"ಕೇವಲ ನಾಲ್ಕಿಂಚು ಜಾಗ ಕಣೋ. ಮೇಲೆ ತಗಡಿಗೆ ಒಂದು ತೂತು, ಅಷ್ಟೇ."

"ಸ್ವಲ್ಪ ಈಚೆಗೆ, ಅಂಗಳದಲ್ಲಿ ನೆಡಬಾರದಾ ಭಾವ?"

"ಎರಡಡಿ ಈಚೆ ಬಂದ್ರೆ ಚೌಕ ಸೊಟ್ಟಗಾಗುತ್ತೆ! ಸೊಟ್ಟ ಚೌಕದಲ್ಲಿ ಕೇಳಿಸಿಕೊಂಡ ದೇಶ ಇಟ್ಟುಕೊಂಡು ನಾನೇನು ಮಾಡ್ಲಿ?"

ಅಕ್ಕನ ಮುಖ ನೋಡಿ ಭಾವಮೈದುನ ಒಪ್ಪಿದ. ಗುಲಾಬಿಗೆ ಒಂದು ಮುಳ್ಳೂ ನೋಯದಂತೆ ನೆಡುತ್ತೇನೆಂದು ಮಾತು ಕೊಟ್ಟ ಮೇಲೆ ಹೆಡ್‌ಮಿಸ್ ಒಪ್ಪಿದರು. ಡಾಕ್ಟರು ಕಾರನ್ನು ಬೀದಿಗೆ ತಂದು ನಿಲ್ಲಿಸಿದರು. ಬುಧವಾರ ಸಂಜೆಯ ಹೊತ್ತಿಗೆ ಇಪ್ಪತ್ತಡಿ ಎತ್ತರದ ನಾಲ್ಕು ಅಲ್ಯೂಮಿನಿಯಂ ಕಂಬಗಳು ಆಕಾಶಕ್ಕೆ ಚುಚ್ಚಿಕೊಂಡು ನಿಂತವು. ಆ ರಾತ್ರಿಯಿಂದಲೇ ಯಜಮಾನರು ಹಳೆಯ ತಂತಿಯಲ್ಲಿ ದ್ವೀಪವನ್ನು ಕೂಗತೊಡಗಿದರು. ಗುರುವಾರ ಬೆಳಿಗ್ಗೆ ಭಾವಮೈದುನ ಒದ್ದೆ ತಲೆಯಲ್ಲೇ ಬೇಲಿಯ ಮೇಲಿಂದ ಕೇಳಿದ: "ಭಾವ, ಕಣ್ಣಿಗೆ ನೊರೆ ಹೋಗಿ ಹತ್ತು ನಿಮಿಷ ಬೆನ್ನು ತಿಕ್ಕಿದೆ. ಆಮೇಲೆ ನೋಡಿದ್ರೆ ಕಂಬದ ಬೆನ್ನು!"

"ಚೆನ್ನಾಗಿ ತಿಕ್ಕು. ಕಂಬ ಶುದ್ಧವಾಗಿದ್ದಷ್ಟೂ ಒಳ್ಳೆಯದು," ಎಂದು ಯಜಮಾನರು ಹರಸಿದರು.

ನಾಲ್ಕು ಕಂಬಗಳಿಂದ ನಾಲ್ಕು ಕಪ್ಪು ಕೇಬಲ್ಲುಗಳು ಹಿತ್ತಲಿಗೆ ಬಂದು ಒಂದು ಪೆಟ್ಟಿಗೆಗೆ ಸೇರಬೇಕಿತ್ತು. ಗುರುತಿಗೆಂದು ಯಜಮಾನರು ಒಂದೊಂದರ ತುದಿಗೂ ಒಂದೊಂದು ಬಣ್ಣದ ಬಟ್ಟೆ ಕ್ಲಿಪ್ಪು ಕಚ್ಚಿಸಿ, ಅಂಗಡಿಗೆ ಹೋಗಿಬಂದು, ಸಂಜೆ ಬಣ್ಣ ನೋಡಿಕೊಂಡು ಜೋಡಿಸಿದರು. ಹೆಡ್‌ಫೋನು ಏರಿಸಿ ಸ್ವಿಚ್ಚನ್ನು ದ್ವೀಪದ ಕಡೆಗೆ, ಅಂದರೆ ಭಾವಮೈದುನನ ಮನೆಯ ದಿಕ್ಕಿಗೆ ತಿರುಗಿಸಿದರು. ಗದ್ದಲ ಕಡಿಮೆ! ದ್ವೀಪವೂ ಇಲ್ಲ! ಎದುರು ದಿಕ್ಕಿಗೆ, ಡಾಕ್ಟರ ಮನೆಯತ್ತ ತಿರುಗಿಸಿದರು. ಲಕ್ಷ ಜೀರುಂಡೆಗಳೂ ಒಮ್ಮೆಲೇ ಸೀನಿದವು.

"ಸಿಕ್ಕಿಬಿದ್ದ ಕಳ್ಳ!" ಎಂದು ಯಜಮಾನರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು.

ಡಾಕ್ಟರು ಒಬ್ಬ ದಪ್ಪ ಮನುಷ್ಯನ ದವಡೆ ಹಲ್ಲು ಕೊರೆಯುತ್ತಿದ್ದರು. "ಮೊದಲು ಆ ಮಿಷನ್ನು ನಿಲ್ಸಿ ಡಾಕ್ಟ್ರೇ! ನಿಮ್ಮ ಕೊರೆತದಿಂದ ಒಂದು ದೇಶವೇ ಮುಳುಗಿಹೋಗಿದೆ!"

"ಹಲ್ಲು ಅರ್ಧ ಆಗಿದೆಯಲ್ರೀ!"

"ದೇಶ ಪೂರ್ತಿ ಹೋಗಿದೆ!"

ಡಾಕ್ಟರು ಮಿಷನ್ನು ನಿಲ್ಲಿಸಿದರು. ಯಜಮಾನರು ಓಡಿಬಂದು ಕೇಳಿದರು. ಗದ್ದಲ ಹಾಗೆಯೇ. ಮತ್ತೆ ಓಡಿ ದೀಪ ಆರಿಸಿದರು, ಓಡಿಬಂದು ಕೇಳಿದರು. ಫ್ಯಾನು ನಿಲ್ಲಿಸಿದರು, ಕೇಳಿದರು. ಎಂಟು ಸಲ ಹೋಗಿಬರುವಷ್ಟರಲ್ಲಿ ಕತ್ತಲಲ್ಲಿ ಬಾಯಿ ತೆರೆದು ಕುಳಿತಿದ್ದ ದಪ್ಪ ಮನುಷ್ಯನಿಗೆ ಅರವಳಿಕೆ ಇಳಿದು, ಅವನು ಎಬ್ಬಿಸಿದ ಕೂಗು ಮಾತ್ರ ಯಾವ ಕಂಬದ ಸಹಾಯವೂ ಇಲ್ಲದೆ ಬೀದಿಯಿಡೀ ಕೇಳಿಸಿತು.

ಸೋತು ಹಿತ್ತಲಿಗೆ ಬಂದ ಗಂಡನನ್ನು ನೋಡಿ ಹೆಂಡತಿ ಕೇಳಿದರು: "ಕ್ಲಿಪ್ಪೆಲ್ಲ ಸರಿಯಾಗಿ ಇತ್ತು ತಾನೆ?"

"ಯಾಕೆ ಕೇಳ್ತಿದ್ದೀಯ?" ಯಜಮಾನರು ಪೆಟ್ಟಿಗೆಯ ಕಡೆ ತಿರುಗಿದರು.

"ಮಧ್ಯಾಹ್ನ ಗಾಳಿ ಎದ್ದು ನಿಮ್ಮ ಶರ್ಟು ಹಾರಿಹೋಗ್ತಿತ್ತು. ನಾಲ್ಕು ಕ್ಲಿಪ್ಪು ತಗೊಂಡೆ. ನೀವು ರೇಗ್ತೀರಂತ ನೆನಪಿಟ್ಟು ನಾಲ್ಕನ್ನೂ ವಾಪಸ್ಸು ಹಾಕಿದ್ದೀನಿ!"

"ಯಾವ ಬಣ್ಣ ಯಾವುದಕ್ಕೆ?"

"ಚೆಂದಕ್ಕೆ ಹೊಂದೋ ಹಾಗೆ. ಕೆಂಪಿನ ಪಕ್ಕ ಹಸಿರು ಇದ್ರೆ ಕಣ್ಣಿಗೆ ಹಿತ ಅಲ್ವಾ?"

ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ, ಇಡೀ ಚೌಕ ದ್ವೀಪಕ್ಕೆ ಬೆನ್ನು ಹಾಕಿ ಕುಳಿತಿತ್ತು! ಶುಕ್ರವಾರವೆಲ್ಲ ಕೇಬಲ್ಲಿನ ಜಾಡು ಹಿಡಿದು ತೆವಳಿ, ಯಜಮಾನರು ಸರಿಪಡಿಸಿದರು. ಕತ್ತಲಾದ ಮೇಲೆ ಬಯಲಾಯಿತು ಅಸಲಿ ಸಂಗತಿ. ಗದ್ದಲ ಬರುತ್ತಿದ್ದದ್ದು ಡಾಕ್ಟರ ಕಡೆಯಿಂದಲ್ಲ. ಭಾವಮೈದುನನ ಕಡೆಯಿಂದ, ಅಂದರೆ ದ್ವೀಪವಿದ್ದ ದಿಕ್ಕಿನಿಂದಲೇ! ದ್ವೀಪಕ್ಕೆ ಕಿವಿ ಕೊಟ್ಟರೆ ಗದ್ದಲವೂ ಜೊತೆಗೇ ಬರುತ್ತಿತ್ತು. ಆದರೂ ಅದರ ತಳದಲ್ಲಿ, ಹೌದು, ಸೊಳ್ಳೆಯ ಮರಿಮೊಮ್ಮಗುವಿನಷ್ಟು ಕ್ಷೀಣವಾಗಿ, ದ್ವೀಪದ ಕುಟು ಕುಟು! ಯಾರನ್ನೋ ಕರೆಯುತ್ತಿತ್ತು. ಯಾರನ್ನು ಎನ್ನುವುದು ಮಾತ್ರ ತಿಳಿಯಲಿಲ್ಲ.

ಶನಿವಾರ ಭಾವಮೈದುನನ ಮನೆಯಲ್ಲಿ ಒಂದೊಂದೇ ಸ್ವಿಚ್ಚು ಆರಿಸುವ ಕಾರ್ಯಕ್ರಮ. ಫ್ರಿಜ್ಜು ಆರಿತು, ಹಾಲು ಒಡೆಯಿತು. ಮೀನಿನ ತೊಟ್ಟಿಯ ಪಂಪು ಆರಿತು, ಮೀನುಗಳು ಮೇಲೆ ಬಂದು ಯಜಮಾನರನ್ನೇ ದುರುಗುಟ್ಟಿ ನೋಡಿದವು. ಗದ್ದಲ ಒಂದು ಚೂರೂ ತಗ್ಗಲಿಲ್ಲ.

"ಇದು ಒಂದು ಮನೇದಲ್ಲ ಭಾವ. ಆ ಕಡೆಯ ಅಷ್ಟೂ ಮನೇದು," ಎಂದ ಭಾವಮೈದುನ ಮೀನುಗಳನ್ನು ಸಮಾಧಾನ ಮಾಡುತ್ತ.

"ಹಾಗಾದ್ರೆ ಇಡೀ ಬೀದಿಯ ಕರೆಂಟೇ ತೆಗೆಸ್ತೀನಿ!"

ಆಡಿದ್ದು ಆವೇಶದಲ್ಲಿ. ಆದರೆ ಆಡಿದ ಮೇಲೆ ಅವರಿಗೇ ಅದು ಬಹಳ ರುಚಿಸಿತು. ಲೈನ್‌ಮನ್ನನ ಹಳೆಯ ಕೈಗಡಿಯಾರವನ್ನು ಮೂರು ಸಲ ಪುಕ್ಕಟೆ ರಿಪೇರಿ ಮಾಡಿದ ಋಣವಿತ್ತು. ಅವನು ತಲೆ ಕೆರೆದುಕೊಂಡ.

"ಐದೇ ನಿಮಿಷ ಯಜಮಾನ್ರೇ. ಬೀದಿಯವರು ಬೈದ್ರೆ ನನ್ನ ಹೆಸರು ಎತ್ತಬಾರದು."

ಹೆಡ್‌ಮಿಸ್ ಮನೆಮನೆಗೆ ಹೋಗಿ, ಹಳೆಯ ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ, ಎಲ್ಲರನ್ನೂ ಒಪ್ಪಿಸಿ ಬಂದರು. ಬೀದಿಗೆ ಬೀದಿಯೇ ಹುರುಪೇರಿತು. ನೂರನೆಯ ದೇಶ ಈಗ ಯಜಮಾನರೊಬ್ಬರದಾಗಿ ಉಳಿಯಲಿಲ್ಲ, ಬೀದಿಯ ಮಾನದ ಪ್ರಶ್ನೆಯಾಯಿತು!

ಭಾನುವಾರ. ಸೂರ್ಯ ಹುಟ್ಟಲು ಹತ್ತು ನಿಮಿಷ. ಪೂರ್ವದಲ್ಲಿ ಬೂದುಬಣ್ಣ. ಏರ್ಪಾಡು ಯುದ್ಧದ ತಂತ್ರಕ್ಕೂ ಕಡಿಮೆಯದಲ್ಲ. ಯಜಮಾನರು ದ್ವೀಪಕ್ಕೆ ತಮ್ಮ ಗುರುತಿನ ಅಕ್ಷರಗಳನ್ನು ಕುಟ್ಟಿ ಕೂಗುವುದು. ಕೂಗಿ ಮುಗಿದೊಡನೆ ಕೈ ಎತ್ತುವುದು. ಕಿಟಕಿಯಲ್ಲಿ ನಿಂತ ಹೆಂಡತಿ ಟವೆಲ್ಲು ಬೀಸುವುದು. ಟವೆಲ್ಲು ಕಂಡ ಹೆಡ್‌ಮಿಸ್ ಸೀಟಿ ಊದುವುದು. ಸೀಟಿ ಕೇಳಿದ ಲೈನ್‌ಮನ್ ಬೀದಿ ಕೊನೆಯ ಪೆಟ್ಟಿಗೆಯಲ್ಲಿ ಫ್ಯೂಸು ಕೀಳುವುದು. ಆ ನಿಶ್ಶಬ್ದದಲ್ಲಿ ದ್ವೀಪದ ಉತ್ತರ ಕಿವಿಗೆ ಬೀಳುವುದು!

ಯಜಮಾನರು ಕುಟ್ಟಿದರು. ಮೈಯೆಲ್ಲ ಬೆವರಾಗಿ, ಬೆರಳ ತುದಿಯಲ್ಲಿ ಜೀವವಿಟ್ಟು, ಮೂರು ಸಲ ಕೂಗಿದರು. ಕೈ ಎತ್ತಿದರು. ಟವೆಲ್ಲು ಹಾರಾಡಿತು. ಸೀಟಿ ಕೂಗಿತು. ಫ್ಯೂಸು ಕಿತ್ತುಬಂತು.

ಗದ್ದಲ ನಿಂತಿತು.

ಎಂಥ ನಿಶ್ಶಬ್ದ! ಲಕ್ಷ ಜೀರುಂಡೆಗಳೂ ಒಂದೇ ಏಟಿಗೆ ಸತ್ತಿದ್ದವು. ಇಪ್ಪತ್ತು ವರ್ಷದಲ್ಲಿ ಆ ಕಿವಿಗಳು ಇಂಥ ಶುಭ್ರವಾದ, ತೊಳೆದಿಟ್ಟ ಗಾಜಿನಂಥ ಮೌನವನ್ನು ಕೇಳಿರಲಿಲ್ಲ. ಯಜಮಾನರ ಕಣ್ಣಂಚಿನಲ್ಲಿ ನೀರಾಡಿತು. ಕಿಟಕಿಯ ಹೊರಗೆ ಡಾಕ್ಟರು, ಭಾವಮೈದುನ, ಅರ್ಧ ಬೀದಿ ಉಸಿರು ಬಿಗಿಹಿಡಿದು ನಿಂತಿತ್ತು.

"ಹೇಗಿದೆ?" ಎಂದು ಡಾಕ್ಟರು ಪಿಸುಗುಟ್ಟಿದರು.

"ಸೂಜಿ ಬಿದ್ರೂ ಕೇಳಿಸೋ ಹಾಗಿದೆ!" ಎಂದರು ಯಜಮಾನರು ಗದ್ಗದಿತರಾಗಿ. "ಇದು ನೋಡಿ ಚೌಕ ಅಂದ್ರೆ! ಒಂದು ಕೂದಲೆಳೆ ಸೊಟ್ಟ ಇದ್ದಿದ್ರೆ ಇಂಥ ಮೌನ ಸಿಗ್ತಿತ್ತಾ?"

"ದ್ವೀಪ ಕೇಳಿಸ್ತಾ ಭಾವ?"

"ಇನ್ನೂ ಇಲ್ಲ. ಅವರು ಯೋಚನೆ ಮಾಡ್ತಿರಬೇಕು."

ಮೂರು ನಿಮಿಷ ಕಳೆಯಿತು. ನಾಲ್ಕು ಕಳೆಯಿತು. ಯಜಮಾನರು ಗುಂಡಿಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಎಲ್ಲೆಡೆಯೂ ಅದೇ ದಿವ್ಯ ಮೌನ! ಹೆಂಡತಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದು ಬಗ್ಗಿ ನೋಡಿದರು.

"ರೀ, ಈ ಡಬ್ಬದಲ್ಲಿ ಒಂದು ಹಳದಿ ದೀಪ ಉರೀತಾ ಇರ್ತಿತ್ತಲ್ಲ?"

"ಉರೀತಾ ಇರುತ್ತೆ."

"ಈಗ ಉರೀತಿಲ್ಲ."

ಯಜಮಾನರು ದೀಪವನ್ನು ನೋಡಿದರು. ಗೋಡೆಯ ಪ್ಲಗ್ಗನ್ನು ನೋಡಿದರು. ಬೀದಿಗೆ ಬೀದಿಯ ಕರೆಂಟು ಕೀಳಿಸಿದ ಮೇಲೆ, ಅದೇ ಬೀದಿಯ ಏಳನೇ ಮನೆಯ ಹಿಂದಿನ ಕೋಣೆಗೆ ಅದು ಎಲ್ಲಿಂದ ಬರಬೇಕು? ನಾಲ್ಕು ನಿಮಿಷದಿಂದ ಅವರು ತನ್ಮಯರಾಗಿ ಆಲಿಸುತ್ತಿದ್ದದ್ದು ಸತ್ತ ಡಬ್ಬವನ್ನು!

"ಫ್ಯೂಸು ಹಾಕ್ರೋ!" ಎಂದು ಅವರು ಕಿರುಚಿದ ರಭಸಕ್ಕೆ ಬಚ್ಚಲಿನ ಕಂಬ ಒಂದು ಗೇಣು ವಾಲಿತು. ಭಾವಮೈದುನ ಓಡಿದ, ಡಾಕ್ಟರು ಓಡಿದರು, ಹೆಡ್‌ಮಿಸ್ ಓಡುತ್ತಲೇ ಸೀಟಿ ಊದಿದರು. ಲೈನ್‌ಮನ್ ಫ್ಯೂಸನ್ನು ಜೇಬಿಗಿಳಿಸಿ ಮೂಲೆಯ ಅಂಗಡಿಯಲ್ಲಿ ಟೀ ಊದಿಕೊಂಡು ಕುಡಿಯುತ್ತಿದ್ದ. ಅವನನ್ನು ಲೋಟದ ಸಮೇತ ಎತ್ತಿ ತಂದು ಫ್ಯೂಸು ಹಾಕಿಸುವ ಹೊತ್ತಿಗೆ, ಟ್ಯಾಂಕಿನ ಹಿಂದಿನಿಂದ ಸೂರ್ಯ ದುಂಡಗೆ, ಕೆಂಪಗೆ, ನಾಚಿಕೆಯಿಲ್ಲದೆ ಮೇಲೆ ಬಂದಿದ್ದ. ಹಳದಿ ದೀಪ ಹತ್ತಿತು. ಜೀರುಂಡೆಗಳು ಮರುಹುಟ್ಟು ಪಡೆದವು. ಅಲೆ ಸತ್ತಿತ್ತು.

ಆಗ ಫೋನು ಬಡಿದುಕೊಂಡಿತು. ದೂರದೂರಿನ ರೇಡಿಯೋ ಗೆಳೆಯ. ಹೆಂಡತಿ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರು ಒತ್ತಿದರು.

"ಲೋ! ಎಲ್ಲಿ ಹಾಳಾಗಿ ಹೋಗಿದ್ದೆ? ದ್ವೀಪದೋರು ನಿನ್ನ ಗುರುತು ಹಿಡಿದು ಐದು ಸಲ ಕರೆದ್ರಲ್ಲೋ! ಬುಧವಾರದಿಂದ ದಿನಾ ಕರೀತಿದ್ರು. ಇವತ್ತಂತೂ ಎಲ್ಲರೂ ನಿನಗೋಸ್ಕರ ಬಾಯಿ ಮುಚ್ಕೊಂಡು ಜಾಗ ಬಿಟ್ಟುಕೊಟ್ವಿ. 'ಕೇಳಿಸ್ತು' ಅಂತ ಒಂದು ಮಾತು ತಿರುಗಿ ಕುಟ್ಟಿದ್ರೆ ಸಾಕಿತ್ತು, ನಿನ್ನ ನೂರು ಮುಗೀತಿತ್ತು! ಅಷ್ಟು ಜೋರಾಗಿ ಬರ್ತಿತ್ತಲ್ಲೋ, ಭೂಮಂಡಲಕ್ಕೆಲ್ಲ ಕೇಳಿಸ್ತು!"

ಕಿಟಕಿಯ ಹೊರಗಿನ ಅರ್ಧ ಬೀದಿ ಸದ್ದಿಲ್ಲದೆ ಕರಗಿತು. ಯಜಮಾನರು ಹೆಡ್‌ಫೋನು ತೆಗೆಯಲೂ ಮರೆತು, ಗದ್ದಲದೊಳಗೇ ಮುಖ ಹುದುಗಿಸಿ ಕುಳಿತುಬಿಟ್ಟರು. ಹೆಂಡತಿ ಟವೆಲ್ಲಿನಿಂದ ಅವರ ಬೆವರೊರೆಸಿ ನಿಟ್ಟುಸಿರುಬಿಟ್ಟರು.

"ಪಾಪ, ಆ ದ್ವೀಪದೋರು ಐದು ಸಲ ಕರೆದು, ಜವಾಬು ಬರಲಿಲ್ಲ ಅಂತ ಗಂಟುಮೂಟೆ ಕಟ್ಟಿಬಿಟ್ರು. ಪುಣ್ಯವಂತರು. ನಾನು ಮೂವತ್ತೆರಡು ವರ್ಷದಿಂದ ಇದೇ ಮನೇಲಿ ನಿಂತುಕೊಂಡು ಕರೀತಾ ಇದ್ದೀನಿ."

ಯಜಮಾನರು ಒಂದು ಕಿವಿಯ ಮೇಲಿನ ಹೆಡ್‌ಫೋನಿನ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಆಂ? ಏನಂದೆ?"