ಕೋಡಿ ಹತ್ತಿರ ನಿಲ್ಲದ ಬಸ್ಸು

ಕೆರೆ ಕೋಡಿ ಬಿದ್ದು ಮೀನು ಹತ್ತೋಕೆ ಶುರುವಾಯ್ತು ಅಂದ್ರೆ ನಮ್ಮ ಬಸ್ಸಲ್ಲಿ ಏನಾದರೊಂದು ಎಡವಟ್ಟು ಆಗಲೇಬೇಕು. ಆಗಲಿಲ್ಲ ಅಂದ್ರೆ ಆ ವರ್ಷ ಮಳೆ ಕೈಕೊಟ್ಟಿದೆ ಅಂತ ತಿಳ್ಕೋಬೇಕು, ಅಷ್ಟೆ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲ ಹೊಗೇಲಿ ಓಡ್ತಿದ್ದವು. ರಾಯಕೋಟೆಯಿಂದ ಕೆಲಮಂಗಲದ ಮೇಲೆ ಹೊಸೂರಿಗೆ ಹೋಗೋ ಬಸ್ಸಿಗೆ ನಾನು ಕಂಡಕ್ಟರು. ಕಂಡಕ್ಟರು ಅನ್ನೋದು ಹೆಸರಿಗೆ. ಬೆಳಿಗ್ಗೆ ಎದ್ದು ಬಸ್ಸಿನ ಬೆನ್ನಿಗೆ ಕಟ್ಟಿದ್ದ ಡ್ರಮ್ಮಿಗೆ ಇದ್ದಲು ತುಂಬಿ, ಬೆಂಕಿ ಹಚ್ಚಿ, ಗಾಳಿ ಚಕ್ರ ತಿರುಗಿಸೋನೂ ನಾನೇ. ಟಿಕೆಟ್ ಹರಿಯೋ ಹೊತ್ತಿಗೆ ಮುಖ ನನ್ನ ಹೆಂಡ್ತಿಗೂ ಗುರುತು ಸಿಗ್ತಿರಲಿಲ್ಲ.

ಕೆಲಮಂಗಲಕ್ಕೆ ಮುಂಚೆ ಒಂದು ಕೆರೆ. ಅದು ತುಂಬಿದ್ರೆ ಕೋಡಿ ನೀರು ರಸ್ತೆ ದಾಟಿ ಹಳ್ಳಕ್ಕೆ ಬೀಳೋದು. ಹಳ್ಳದ ಗೆಂಡೆಮೀನುಗಳು ಮೊಟ್ಟೆ ಇಡೋಕೆ ಆ ನೀರಿಗೆ ಎದುರಾಗಿ ರಸ್ತೆ ಮೇಲೇ ಹಾರ್ಕೊಂಡು ಕೆರೆಗೆ ಹತ್ತೋವು. ನಮ್ಮ ಡ್ರೈವರಣ್ಣನಿಗೆ ಮೀನು ಅಂದ್ರೆ ಪ್ರಾಣ. ಬಸ್ಸಿನ ಸಾವ್ಕಾರ್ರು ಮೀನು ಅನ್ನೋ ಮಾತು ಕೇಳಿದ್ರೂ ಮೂಗಿಗೆ ಶಲ್ಯ ಹಿಡಿಯೋರು. ಇವರಿಬ್ಬರ ಮಧ್ಯೆ ನಾನು.

ಕೋರ್ಟಿಗೆ ಹೊತ್ತಾಯ್ತು

ಕೋಡಿ ಹತ್ತಿರ ಬಂದ ಕೂಡ್ಲೆ ಡ್ರೈವರಣ್ಣ ಬಸ್ಸು ನಿಲ್ಲಿಸಿ, “ಭಾರ ಜಾಸ್ತಿ ಆಗದೆ, ಎಲ್ರೂ ಇಳೀರಪ್ಪ” ಅನ್ನೋನು. ಇಳಿದವರು ಸುಮ್ಮನೆ ಆಚೆಗೆ ದಾಟ್ತಾರಾ? ಗಂಡಸರು ಪಂಚೆ ಎತ್ತಿ ಕಟ್ಟಿ, ಹೆಂಗಸರು ಸಂತೆ ಕುಕ್ಕೆ ಖಾಲಿ ಮಾಡ್ಕೊಂಡು ನೀರಿಗೆ. ಭಾರ ಇಳಿಸಿದ ಪುಣ್ಯಾತ್ಮ ಎಲ್ಲರಿಗಿಂತ ಮುಂದೆ.

ಒಂದಿನ ಸೇಲಂ ಕಡೆಯ ಪೊಲೀಸಿನವರೊಬ್ಬರು, ಎಲ್ರೂ ‘ಏಟ್ಟಯ್ಯ’ ಅಂತ ಕರೀತಿದ್ದ ಹೆಡ್ ಕಾನ್‌ಸ್ಟೇಬಲ್ಲು, ಕೋಳಿ ಕಳ್ಳನೊಬ್ಬನನ್ನ ಹೊಸೂರು ಕೋರ್ಟಿಗೆ ಕರ್ಕೊಂಡು ಹೋಗ್ತಿದ್ರು. ಕಳ್ಳನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಪೊಲೀಸಿನವರ ಕೈಲಿ. ಒಂದು ದಪ್ಪ ಗೆಂಡೆ ಅವರ ಕಾಲ ಮಧ್ಯೆ ನುಗ್ಗಿತು ನೋಡಿ, “ಇದನ್ನ ಸ್ವಲ್ಪ ಹಿಡ್ಕೋ” ಅಂತ ಹಗ್ಗದ ತುದೀನ ಕಳ್ಳನ ಕೈಗೇ ಕೊಟ್ಟು, ರುಮಾಲು ಬಿಚ್ಚಿ ಬಲೆ ಮಾಡ್ಕೊಂಡ್ರು.

ನಾವೆಲ್ಲ ಬಸ್ಸು ಹತ್ತಿದರೂ ಅವರು ಹತ್ತಲಿಲ್ಲ. ಕೊನೆಗೆ ಆ ಕಳ್ಳನೇ ತನ್ನ ಹಗ್ಗ ತಾನೇ ನೀಟಾಗಿ ಸುತ್ತಿ ಕಂಕುಳಲ್ಲಿ ಇಟ್ಕೊಂಡು, ದಡದಲ್ಲಿ ನಿಂತು ಕೂಗಿದ: “ಏಟ್ಟಯ್ಯಾ, ಬನ್ನಿ, ಕೋರ್ಟಿಗೆ ಹೊತ್ತಾಯ್ತು. ನಿಮ್ಮಿಂದ ನನಗೆ ಬೈಗುಳ.”

ರೇಡಿಯೇಟರ್ ಸಾರು

ಆ ವರ್ಷ ಹಿಡಿದ ಮೀನನ್ನ ಬಚ್ಚಿಡೋಕೆ ಡ್ರೈವರಣ್ಣ ಒಂದು ಉಪಾಯ ಕಂಡುಹಿಡಿದಿದ್ದ. ಇಂಜಿನ್ನಿಗೆ ಹುಯ್ಯೋ ನೀರಿನ ಡಬ್ಬದಲ್ಲೇ ಬೆರಳುದ್ದದ ಮೀನುಗಳನ್ನ ಜೀವಂತ ಬಿಡೋದು. ಮನೆಗೆ ಹೋದಾಗ ತಾಜಾ ಮೀನು, ಬಸ್ಸಲ್ಲಿ ವಾಸನೆ ಇಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗ್ತಿದ್ದ.

ಹೊಸೂರು ಇನ್ನೇನು ಬಂತು ಅನ್ನೋವಾಗ ಏರಿನಲ್ಲಿ ಇಂಜಿನ್ ಕಾದು ಬುಸ್ ಅಂತು. ಡ್ರೈವರಣ್ಣ ಅಭ್ಯಾಸಬಲದ ಮೇಲೆ ಇಳಿದು, ಡಬ್ಬ ಎತ್ತಿ, ರೇಡಿಯೇಟರಿಗೆ ಪೂರ್ತಿ ಸುರಿದುಬಿಟ್ಟ. ಡಬ್ಬ ಖಾಲಿಯಾದ ಮೇಲೇ ಅವನಿಗೆ ಮೀನಿನ ನೆನಪು ಬಂದದ್ದು.

ಹೊಸೂರಿನ ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಬಸ್ಸಿನ ಮೂತಿಯಿಂದ ಆವಿ, ಆವಿ ತುಂಬ ಮೀನಿನ ಘಮ, ಹಿಂದೆ ಊರಿನ ನಾಯಿಗಳ ಮೆರವಣಿಗೆ. ಸಾವ್ಕಾರ್ರು ಶಲ್ಯ ಮೂಗಿಗೆ ಒತ್ತಿ ಹಿಡ್ಕೊಂಡು, ಡ್ರೈವರಣ್ಣನ್ನ ಊರ ಪಕ್ಕದ ಬೆಟ್ಟದ ಮೇಲಿನ ಗುಡಿ ಕಡೆ ತಿರುಗಿಸಿ ನಿಲ್ಲಿಸಿದರು.

“ಬೆಟ್ಟದ ದೇವರ ಮೇಲೆ ಆಣೆ ಮಾಡು. ಇನ್ಮೇಲೆ ಆ ಕೋಡಿ ಹತ್ರ ಬಸ್ಸು ನಿಲ್ಸಲ್ಲ ಅಂತ.”

“ಯಾರಾನಾ ನಿಲ್ಸು ಅಂದ್ರೆ ಸಾಮಿ?”

“ಯಾರೇ ಅನ್ಲಿ. ನಾನೇ ಬಂದು ನಿಲ್ಸು ಅಂದ್ರೂ ನಿಲ್ಸಬೇಡ. ನಿಲ್ಸಿದೆ ಅಂದ್ರೆ ಅವತ್ತಿಗೆ ನಿನ್ನ ಕೆಲಸ ಹೋಯ್ತು.”

ಮನೇಲಿ ಉಣ್ಣೋ ಬಾಯಿ ಏಳೆಂಟು. ಅವನು ಅಳ್ತಾನೇ ಆಣೆ ಮಾಡಿದ. ಆದರೂ ಬಸ್ಸಿನ ಮೂತಿ ಹತ್ರ ಹೋಗಿ ಒಂದು ಸಲ ಆಳವಾಗಿ ಉಸಿರೆಳ್ಕೊಂಡು, “ಉಪ್ಪೊಂದು ಬಿದ್ದಿದ್ರೆ ಸರಿಯಾಗಿರೋದು ಕಣ್ಲಾ” ಅಂದ ನನ್ನ ಹತ್ರ.

ಮೀನಿಗೊಂದು ರಜೆ

ಆಣೆ ಬಸ್ಸಿಗೆ ತಾನೇ, ತನಗಲ್ಲವಲ್ಲ ಅಂತ ಡ್ರೈವರಣ್ಣ ಹೊಸ ಲೆಕ್ಕ ಹಾಕಿದ. ಮೀನು ಹತ್ತೋ ದಿನ ನೋಡಿ ರಜೆ ಹಾಕೋದು. ಮುಂಗಾರಲ್ಲಿ ಹತ್ತೋ ಮೀನಿಗೆ ಲೆಕ್ಕ ಉಂಟು, ಕೊನೆ ಮಳೇಲಿ ಹತ್ತೋದು ಅದರ ಇಷ್ಟ. ಅವನು ಚಿತ್ತೆ ಮಳೆ ಅಂದ. ನಮ್ಮ ಬಸ್ಸಲ್ಲಿ ದಿನಾ ಬರ್ತಿದ್ದ ಎಲೆಅಡಿಕೆ ಅಜ್ಜಿ ಸ್ವಾತಿ ಅಂದ್ಲು. ಅವಳು ಸುತ್ತಮುತ್ತಲ ಹಳ್ಳಿಗೆಲ್ಲ ಸೂಲಗಿತ್ತಿ ಕೂಡ.

“ಕಡೇಲಿ ಬರೋವು ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡಿರ್ತವೆ ಕಣ್ಲಾ. ಹೆರಿಗೆಗೆ ತವರಿಗೆ ಹೋಗೋ ಬಸುರೀನ ದಾರೀಲಿ ತಡೀತಾರಾ? ಇಳಿಯೋವಾಗ ಹಿಡಿ, ಹತ್ತೋವಾಗ ಬುಟ್ಬುಡು.”

“ಹಂಗಾದ್ರೆ ನೀನು ತಿನ್ನಲ್ವಾ ಅಜ್ಜಿ?”

“ನೀನು ಹಿಡ್ಕೊಂಡ್ ಬಂದಿದ್ನ ನಾನ್ಯಾಕೆ ಬಿಡ್ಲಿ? ಪಾಪ ನಿಂದು, ಸಾರು ನಂದು.”

ಚಿತ್ತೆ ಮಳೇಲಿ ಅವನು ಹೊಟ್ಟೆನೋವು ಅಂತ ಹೇಳಿ ಕಳಿಸಿದ. ಬದಲಿ ಡ್ರೈವರ್ ಜೊತೆ ನಾನು ಹೋಗೋವಾಗ ನೋಡಿದ್ರೆ, ಕೋಡಿ ನೀರಿಗೆ ಮೀನು ಹಿಡಿಯೋ ಬಿದಿರಿನ ಕೂಳಿ ಒಡ್ಡಿ, ತಲೆಗೆ ಗೋಣಿ ಕೊಪ್ಪೆ ಹಾಕ್ಕೊಂಡು ಕೂತಿದ್ದಾನೆ. ಸಂಜೆ ವಾಪಸ್ ಬರೋವಾಗಲೂ ಹಂಗೇ ಕೂತಿದ್ದ. ಕೂಳಿಯೊಳಗೆ ಒಂದು ಏಡಿ, ಅದೂ ಅವನ ಬೆರಳು ಕಚ್ಚಿತ್ತು.

ಮಾರನೇ ದಿನ ಸಾವ್ಕಾರ್ರು “ಹೊಟ್ಟೆನೋವಿಗೆ ಬೆರಳಿಗೆ ಯಾಕಯ್ಯ ಬಟ್ಟೆ ಕಟ್ಟಿದ್ದೀಯ?” ಅಂತ ಕೇಳಿದ್ರೆ, ಇವನು “ನೋವು ಇಳೀತಾ ಇಳೀತಾ ಕೈಗೆ ಬಂದದೆ ಸಾಮಿ” ಅಂದ.

ಆಣೆ

ಸ್ವಾತಿ ಮಳೆ ಮುಗಿಯೋಕೆ ಬಂದಿತ್ತು. ಸಾವ್ಕಾರ್ರ ಮಗಳನ್ನ ರಾಯಕೋಟೆಗೆ ಕೊಟ್ಟಿದ್ರು. ಚೊಚ್ಚಲ ಹೆರಿಗೆಗೆ ಮಗಳನ್ನ ತವರಿಗೆ ಕರ್ಕೊಂಡು ಬರೋಕೆ ಒಳ್ಳೇ ದಿನ ಹುಡುಕಿ ಹುಡುಕಿ, ಒಂಬತ್ತು ತುಂಬಿದ ಮೇಲೆ ಹೊರಟರು. ನಮ್ಮ ಬಸ್ಸಲ್ಲೇ. ಮುಂದಿನ ಸೀಟಲ್ಲಿ ಮಗಳು, ಪಕ್ಕ ಸಾವ್ಕಾರ್ರು.

ಅರ್ಧ ದಾರೀಲಿ ಹುಡುಗಿಗೆ ನೋವು ಬಂತು. ಅಜ್ಜಿ ಎಲೆ ಕುಕ್ಕೆ ಬಿಟ್ಟು ಓಡಿ ಬಂದು ಕೈ ಹಿಡ್ಕೊಂಡ್ಲು. ಅಷ್ಟರಲ್ಲಿ ಕೋಡಿ ಬಂತು. ನನ್ನ ಜನ್ಮದಲ್ಲಿ ಅಷ್ಟು ಮೀನು ನೋಡಿರಲಿಲ್ಲ. ರಸ್ತೆ ಕಾಣ್ತಿಲ್ಲ, ಬರೀ ಗೆಂಡೆ, ಹೊಟ್ಟೆ ಊದಿಸ್ಕೊಂಡು ಹಾರ್ತಾ ಇದ್ದಾವೆ.

“ನಿಲ್ಸಯ್ಯ” ಅಂದ್ರು ಸಾವ್ಕಾರ್ರು. “ಇಲ್ಲೇ ಮರದಡಿ ಇಳಿಸ್ಕೊಳ್ಳೋಣ.”

“ನಿಲ್ಸಲಾ, ನಾನಿದ್ದೀನಿ” ಅಂದ್ಲು ಅಜ್ಜಿ.

ಡ್ರೈವರಣ್ಣ ಒಂದು ಸಲ ಮೀನಿನ ಕಡೆ ನೋಡಿದ. ಕಣ್ಣಲ್ಲಿ ನೀರು. ಮುಖ ತಿರುಗಿಸಿ ಬಸ್ಸನ್ನ ನೀರಿಗೆ ನುಗ್ಗಿಸಿದ.

“ಏಯ್, ನಾನು ಹೇಳ್ತಿರೋದು, ನಿನ್ನ ಧಣಿ.”

“ಗೊತ್ತು ಸಾಮಿ. ನೀವೇ ಬಂದು ನಿಲ್ಸು ಅಂದ್ರೂ ನಿಲ್ಸಬೇಡ ಅಂದ್ರಲ್ಲ. ನನ್ನ ಪರೀಕ್ಷೆ ಮಾಡ್ತಾವ್ರೆ ದೇವ್ರು. ನಾನು ಬೀಳಾಕಿಲ್ಲ.”

ಸಾವ್ಕಾರ್ರು ಬೈದ್ರು, ಕೈ ಮುಗಿದ್ರು, ಕೊನೆಗೆ ಕಾಲೇ ಹಿಡಿಯೋಕೆ ಬಗ್ಗಿದ್ರು. ಡ್ರೈವರಣ್ಣನ ಕಾಲು ಆಕ್ಸಿಲರೇಟರನ್ನ ಗಟ್ಟಿಯಾಗಿ ಒತ್ತಿಕೊಂಡೇ ಇತ್ತು. ಆಸ್ಪತ್ರೆ ಇರೋದು ಹೊಸೂರಲ್ಲೇ ಅಂತ ಕೆಲಮಂಗಲದಲ್ಲೂ ನಿಲ್ಲಿಸಲಿಲ್ಲ. ಅಲ್ಲಿ ಇಳೀಬೇಕಾದ ಅರ್ಧ ಜನ ಹೊಸೂರು ಆಸ್ಪತ್ರೆ ಬಾಗಿಲಲ್ಲಿ ಇಳಿದ್ರು.

ಆಸ್ಪತ್ರೆ ಬೆಂಚಿನ ಮೇಲೆ ಕೂತ ಸಾವ್ಕಾರ್ರ ಮುಖ ನನಗಿನ್ನೂ ನೆನಪಿದೆ. ಬೆಟ್ಟದ ಕಡೆಯಿಂದ ಕಣ್ಣು ತೆಗೀಲಿಲ್ಲ ಮನುಷ್ಯ. ಸಂಜೆಗೆ ಡಾಕ್ಟರಮ್ಮ ಹೊರಗೆ ಬಂದ್ರು. “ಮಗು ಅಡ್ಡ ಇತ್ತು. ದಾರೀಲಿ ನಿಲ್ಲಿಸಿದ್ದಿದ್ರೆ ಇಬ್ಬರೂ ಉಳೀತಿರಲಿಲ್ಲ. ಈಗ ಇಬ್ಬರೂ ಚೆನ್ನಾಗಿದ್ದಾರೆ.” ಅಜ್ಜಿ ತಲೆ ಮೇಲೆ ಸೆರಗು ಎಳ್ಕೊಂಡು, “ನನ್ನ ಕೈಲಾಗೋದಲ್ಲ ಕಣಪ್ಪ ಅದು” ಅಂತ ಒಪ್ಕೊಂಡ್ಲು.

ಸಾವ್ಕಾರ್ರು ಡ್ರೈವರಣ್ಣನ ಎರಡು ಕೈನೂ ಹಿಡ್ಕೊಂಡು ಅತ್ತುಬಿಟ್ರು. “ಏನು ಬೇಕೋ ಕೇಳಯ್ಯ. ಇಲ್ಲ ಅನ್ನಲ್ಲ.”

ಸಂಬಳ ಜಾಸ್ತಿ ಕೇಳ್ತಾನೆ, ನನಗೂ ಸೇರಿಸಿ ಕೇಳ್ಲಿ ದೇವರೇ ಅಂತ ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ತಲೆ ಕೆರ್ಕೊಂಡು, “ಆ ಆಣೆ ವಾಪಸ್ ತಗೊಂಡ್ಬುಡಿ ಸಾಮಿ” ಅಂದ. ಸಾವ್ಕಾರ್ರು ಅಲ್ಲೇ ಬೆಟ್ಟಕ್ಕೆ ಕೈ ಮುಗಿದು, ತಪ್ಪುಕಾಣಿಕೆ ಹೊತ್ಕೊಂಡು ವಾಪಸ್ ತಗೊಂಡ್ರು.

ಮಾರನೇ ದಿನ ಕೋಡಿ ಹತ್ರ ಬಸ್ಸು ರಾಜಾರೋಷವಾಗಿ ನಿಂತಿತು. ಎಲ್ಲರೂ ಕುಕ್ಕೆ, ಪಂಚೆ, ಕೂಳಿ ಹಿಡ್ಕೊಂಡು ಇಳಿದ್ರು. ಬರೀ ನೀರು. ಹತ್ತೋವೆಲ್ಲ ಹಿಂದಿನ ದಿನವೇ ಹತ್ತಿಬಿಟ್ಟಿದ್ದವು. ಡ್ರೈವರಣ್ಣ ಮೊಣಕಾಲುದ್ದ ನೀರಲ್ಲಿ ನಿಂತೇ ಇದ್ದ. “ತವರು ಸೇರ್ಕೊಂಡ್ವು ಬಾರ್ಲಾ, ನೀನೂ ಒಬ್ಳನ್ನ ಸೇರಿಸಿದ್ಯಲ್ಲ” ಅಂತ ಅಜ್ಜಿ ರಟ್ಟೆ ಹಿಡಿದು ಎಳ್ಕೊಂಡು ಬಂದ್ಲು.

ಹೊಸೂರಿಗೆ ತಡವಾಗಿ ಸೇರಿದ್ವಿ. ಸಾವ್ಕಾರ್ರು ಸಕ್ಕರೆ ತಟ್ಟೆ ಹಿಡ್ಕೊಂಡು ಸ್ಟ್ಯಾಂಡಲ್ಲೇ ಕಾಯ್ತಿದ್ರು. ಶಲ್ಯ ಹೆಗಲ ಮೇಲೇ ಇತ್ತು. ಬಸ್ಸೊಳಗೆ ತಲೆ ಹಾಕಿ, ಈ ಮೂಲೆಯಿಂದ ಆ ಮೂಲೆ ತನಕ ಮೂಸಿ ನೋಡಿ, ಮುಖ ಸಣ್ಣ ಮಾಡ್ಕೊಂಡ್ರು.

“ಏನಯ್ಯ ಇದು, ವಾಸನೇನೇ ಇಲ್ವಲ್ಲ. ದೇವರಿಗೆ ಕಟ್ಟಿದ ತಪ್ಪುಕಾಣಿಕೆ ದಂಡ ಆಯ್ತಲ್ಲೋ.”